ದಿವಾನರ ಜೊತೆ ಜಗಳವಾಡುತ್ತಿದ್ದ ಟೀಚರು

ತಾಯಮ್ಮ ಟೀಚರು ಸತ್ತವರೊಬ್ಬರ ಜೊತೆ ಜಗಳ ಆಡುತ್ತಿದ್ದರು. ಸಣ್ಣಪುಟ್ಟವರ ಜೊತೆಯಲ್ಲ, ನಿಜಾಮರ ಕಾಲದಲ್ಲಿ ಅಧಿಕಾರ ನಡೆಸಿಹೋದ ಒಬ್ಬ ದಿವಾನರ ಜೊತೆ. ರಾಯಚೂರಿನಲ್ಲಿ ಬಸ್ಸಿಳಿದ ಕೂಡಲೇ ಶುರು. ಆ ದಿವಾನರು ಕಟ್ಟಿಸಿದ ದವಾಖಾನೆಯ ಮುಂದೆ ನಿಂತು, "ಇದೊಂದು ಚಲೋ ಮಾಡೀದಿ ನೋಡಪಾ" ಎನ್ನುವರು. ಅವರದೇ ನೀರಿನ ಟಾಕಿಯ ಕೆಳಗಿನ ನಲ್ಲಿಗೆ ಬೊಗಸೆಯೊಡ್ಡಿ ಕುಡಿದು, "ನೀರು ಸಿಹಿ ಅದ, ಖರೇ. ಆದ್ರ ಬಡವರ ಓಣಿತನಕ ಪೈಪು ಯಾಕ ಎಳೀಲಿಲ್ಲ?" ಎಂದು ಬೈಯುವರು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರೆ ನಾವು ಹುಡುಗಿಯರು ನಾಚಿ ಸಾಯುತ್ತಿದ್ದೆವು. ಟೀಚರಿಗೆ ಅದರ ಗೊಡವೆಯೇ ಇರಲಿಲ್ಲ.

ಅವರು ಗಬ್ಬೂರಿನ ಕೂಲಿಕಾರರ ಮನೆಯ ಮಗಳು. ಅದೇ ಊರಿನಲ್ಲಿ ನಮಗೆ ಗಣಿತ ಹೇಳುತ್ತಿದ್ದರು. ನಾನು ಮಸರಕಲ್ಲಿನಿಂದ ಹೋಗಿ ಬರುತ್ತಿದ್ದೆ. ಟೀಚರು ಎತ್ತರದ ಆಳು, ಕಪ್ಪು ಬಣ್ಣ, ಬಿಗಿದು ಕಟ್ಟಿದ ತುರುಬು. ದನಿ ಎಷ್ಟು ದೊಡ್ಡದೆಂದರೆ ಪಕ್ಕದ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಗೂ ಅರ್ಧ ಬೀಜಗಣಿತ ಬರುತ್ತಿತ್ತು ಎಂದು ನಾವು ನಗುತ್ತಿದ್ದೆವು. "ಎಕ್ಸ್ ಅಂದ್ರ ಯಾಕ ಹೆದರ್ತೀರಿ? ಅಂವ ಮಾರಿ ಮ್ಯಾಲೆ ಟವೆಲ್ ಹಾಕ್ಕೊಂಡು ಮಲಗಿದ ಬೀಗ. ಟವೆಲ್ ತಗದ್ರ ಯಾರಂತ ಗೊತ್ತಾಗ್ತದ" ಎನ್ನುವರು. ಆ ಬೀಗನ ಮುಖ ನನಗೆ ಮಾತ್ರ ಬೇಗ ಕಾಣುತ್ತಿರಲಿಲ್ಲ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಹತ್ತನೆಯ ತರಗತಿಯ ಪರೀಕ್ಷೆ ರಾಯಚೂರಿನಲ್ಲಿ ನಡೆಯುತ್ತಿತ್ತು. ಗಂಡುಹುಡುಗರು ಎಲ್ಲೋ ಬಿದ್ದುಕೊಂಡು ಬರೆದು ಬರುತ್ತಿದ್ದರು. ಹುಡುಗಿಯರಿಗೆ, ಅದರಲ್ಲೂ ನಮ್ಮ ಓಣಿಯ ಹುಡುಗಿಯರಿಗೆ, ಪರೀಕ್ಷೆಗಿಂತ ಇರುವ ಜಾಗದ್ದೇ ಕಷ್ಟ. ಟೀಚರು ಮೊದಲ ವರ್ಷ ಬಾಡಿಗೆ ಕೋಣೆ ಹುಡುಕಿಕೊಂಡು ಮನೆಮನೆ ಅಲೆದಿದ್ದರಂತೆ. "ಯಾರ ಪೈಕಿ?" ಎಂದು ಕೇಳಿದ ಮೇಲೆ ಯಾವ ಮನೆಯಲ್ಲೂ ಕೋಣೆ ಖಾಲಿ ಇರುತ್ತಿರಲಿಲ್ಲ. ಕೊನೆಗೆ ಸ್ಟೇಷನ್ನಿನ ಹತ್ತಿರ ದಿವಾನರು ಕಟ್ಟಿಸಿದ ಮುಸಾಫಿರಖಾನೆಗೆ ಬಂದರು. ಅಲ್ಲಿ ಪ್ರಯಾಣಿಕರು ಪುಕ್ಕಟೆ ಮಲಗಬಹುದಿತ್ತು.

"ಆ ದಿವಾನ ಒಂದ ಪ್ರಶ್ನಿ ಕೇಳಾಕ ಹೇಳಿಹೋಗ್ಯಾನ, ಎಲ್ಲಿಂದ ಬಂದ್ರಿ ಅಂತ. ಯಾರ ಪೈಕಿ ಅಂತ ಕೇಳಾಕ ಹೇಳಿಲ್ಲ. ಅದಕ್ಕ ಅವನ ಉಳಿದ ತಪ್ಪೆಲ್ಲಾ ಮಾಫ್" ಎನ್ನುತ್ತಿದ್ದರು. ಆದರೂ ಪೂರ್ತಿ ಮಾಫು ಮಾಡಿದ್ದನ್ನು ನಾನು ಕಾಣೆ. ಪಾಯಖಾನೆ ಅಂಗಳದ ಆ ತುದಿಗಿತ್ತು. ಕತ್ತಲಾದ ಮೇಲೆ ಕಂದೀಲು ಹಿಡಿದು ನಮ್ಮನ್ನು ಸಾಲಾಗಿ ಕರೆದೊಯ್ಯುವಾಗ ಅವರ ಗೊಣಗಾಟ ನಿಲ್ಲುತ್ತಿರಲಿಲ್ಲ: "ಗಂಡಸಲ್ಲೇನು! ಒಬ್ಬಾಕಿ ಹೆಣ್ಮಗಳನ್ನರ ಕೇಳಿ ಕಟ್ಟಿಸಬಾರದಿತ್ತೇನಪಾ?"

ಮುಸಾಫಿರಖಾನೆಯದು ಒಂದು ಕಾಯಿದೆ. ಮೂರು ರಾತ್ರಿಗಿಂತ ಹೆಚ್ಚು ಯಾರೂ ಇರುವಂತಿಲ್ಲ. ಪರೀಕ್ಷೆ ಅಷ್ಟರಲ್ಲಿ ಮುಗಿಯುವುದಿಲ್ಲ. ಟೀಚರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಮೂರು ರಾತ್ರಿ ಮುಗಿದ ಕೂಡಲೇ ಹಾಸಿಗೆ ಸುತ್ತಿ, ಹುಡುಗಿಯರನ್ನೆಲ್ಲ ಪ್ಯಾಸೆಂಜರ್ ಗಾಡಿ ಹತ್ತಿಸಿ ಮುಂದಿನ ಸ್ಟೇಷನ್ ಯರಮರಸಕ್ಕೆ ಕರೆದೊಯ್ಯುವುದು. ಅಲ್ಲಿ ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ ತಿಂದು ಓದುವುದು. ಸಂಜೆ ಗಾಡಿಗೆ ಟಿಕೇಟು ತೆಗೆಸಿ, ಹೊಸ ಪ್ರಯಾಣಿಕರಾಗಿ ರಾಯಚೂರಿಗೆ ಇಳಿಯುವುದು. ಮುಸಾಫಿರಖಾನೆ ನೋಡಿಕೊಳ್ಳುತ್ತಿದ್ದ ಮುದುಕ ಜಮೇದಾರ ಖಾದರ್ ಸಾಬರಿಗೆ ಎಲ್ಲ ಗೊತ್ತಿತ್ತಂತೆ. ಆದರೂ ಗಂಭೀರವಾಗಿ ಟಿಕೇಟು ನೋಡಿ, "ಎಲ್ಲಿಂದ ಬಂದ್ರೀ ಅಮ್ಮಾರೆ?" ಎಂದು ಕೇಳುವರು. "ಯರಮರಸದಿಂದ." "ರಾಯಚೂರಿಗಿ ಪೈಲೀ ದಫಾ ಏನ್ರೀ, ಮೊದಲ ಸಲ?" "ಹೌದ್ರಿ, ಭಾಳ ದೊಡ್ಡ ಊರು ಐತಂತಲ್ರೀ" ಎಂದು ಟೀಚರೂ ಅಷ್ಟೇ ಗಂಭೀರವಾಗಿ ಹೇಳುವರು. ಹಿಂದಿನ ವರ್ಷಗಳ ಹುಡುಗಿಯರು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರಂತೆ.

ನನ್ನ ಪರೀಕ್ಷೆಯ ವರ್ಷ ಖಾದರ್ ಸಾಬರು ಇರಲಿಲ್ಲ. ಅವರ ಜಾಗಕ್ಕೆ ಒಬ್ಬ ಹೊಸ ಮ್ಯಾನೇಜರು ಬಂದಿದ್ದರು. ನಾವು ಯರಮರಸಕ್ಕೆ ಹೊರಟ ದಿನವೇ ಎಲ್ಲೋ ಗೂಡ್ಸ್ ಗಾಡಿ ಹಳಿ ಬಿಟ್ಟು ನಿಂತು, ಸಂಜೆಯ ಪ್ಯಾಸೆಂಜರು ಬರಲೇ ಇಲ್ಲ. ಗಾಡಿಯೇ ಇಲ್ಲವೆಂದ ಮೇಲೆ ಟಿಕೇಟು ಎಲ್ಲಿಯದು? ತುಂಬಿದ ಬಸ್ಸು ಕೈ ಮಾಡಿದರೂ ನಿಲ್ಲಿಸದೆ ಹೋಯಿತು. ಮರುದಿನ ಬೆಳಗ್ಗೆ ನನ್ನ ಗಣಿತ. ಅದರಲ್ಲಿ ನಪಾಸಾದರೆ ಹತ್ತಿ ಬಿಡಿಸಲು ಹೋಗಬೇಕು, ಬರುವ ಬೇಸಿಗೆಗೆ ಮದುವೆ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ನನಗೆ ಅಳುವೇ ಬಂತು. ಟೀಚರು ಹಾಸಿಗೆ ಸುರುಳಿಯನ್ನು ತಲೆಯ ಮೇಲಿಟ್ಟುಕೊಂಡು, "ಅತ್ತರ ರಸ್ತಾ ಸಣ್ಣದಾಗಂಗಿಲ್ಲ. ನಡೀರಿ" ಎಂದರು. ಇಳಿಹೊತ್ತಾದರೂ ಆರದ ಏಪ್ರಿಲ್ ಬಿಸಿಲು. ನಾವು ಐವರು ಹುಡುಗಿಯರೂ ಬರಿಗಾಲು. ದಾರಿಯುದ್ದಕ್ಕೂ ಪ್ರಮೇಯ ಹೇಳಿಸುತ್ತ ನಡೆಸಿದರು.

ಮುಸಾಫಿರಖಾನೆ ಸೇರುವಾಗ ದೀಪ ಹಚ್ಚಿದ್ದರು. ಮ್ಯಾನೇಜರು ಬಾಗಿಲಲ್ಲೇ ತಡೆದರು. "ನಿಮ್ಮ ಹಕೀಕತ್ ನನಗ ಗೊತ್ತದರೀ. ಇಲ್ಲೇ ಇದ್ದವರು ಇಲ್ಲೇ ತಿರುಗಿ ಬಂದೀರಿ. ಇದು ಹಾಸ್ಟೆಲ್ ಅಲ್ಲ, ಮುಸಾಫಿರರಿಗೆ ಇರೋದು. ಮುಸಾಫಿರ ಹೌದಾದ್ರ ಟಿಕೇಟ್ ತೋರಸ್ರಿ."

ಟೀಚರು ಹಾಸಿಗೆ ಕೆಳಗಿಳಿಸಿ, ನಮ್ಮ ಕಡೆ ತಿರುಗಿ, "ಕೂಡ್ರಿ ಕಟ್ಟಿ ಮ್ಯಾಲೆ. ಸಾಹೇಬರಿಗೆ ಟಿಕೇಟ್ ತೋರಸ್ರಿ. ಕಾಲು ಚಾಚ್ರಿ" ಎಂದರು.

ನಾವು ಕೂತು ಕಾಲು ಚಾಚಿದೆವು. ಮೊಣಕಾಲತನಕ ಕೆಂಪು ಧೂಳು. ನನ್ನ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಒಬ್ಬಳಿಗೆ ಜಾಲಿ ಮುಳ್ಳು ಮುರಿದು ಒಳಗೇ ಉಳಿದಿತ್ತು.

"ಇವರು ನಡಕೋತ ಬಂದಾರ್ರೀ. ರೈಲಿನ್ಯಾಗ ಬಂದವನಷ್ಟ ಮುಸಾಫಿರ ಏನು? ನಡಕೋತ ಬಂದವನಿಗೆ ಜಾಗ ಇಲ್ಲಂತ ನಿಮ್ಮ ದಿವಾನ ಎಲ್ಲಿ ಹೇಳ್ಯಾನ, ಹೇಳ್ರಿ" ಎಂದರು ಟೀಚರು.

ಅಂಗಳದಲ್ಲಿ ಮಲಗಿದ್ದ ಮಂದಿ ಎದ್ದು ಕೂತರು. ಮ್ಯಾನೇಜರು ನಮ್ಮ ಕಾಲುಗಳನ್ನು ಒಂದೊಂದಾಗಿ ನೋಡಿದರು. ತಟ್ಟನೆ ತಿರುಗಿ ಒಳಗೆ ಹೋದರು. ಸಿಟ್ಟಾದರೆಂದು ನಾನು ಅಂದುಕೊಂಡೆ. ಒಂದು ಬಕೆಟ್ ನೀರು ತಂದು ಕಟ್ಟೆಯ ಮುಂದಿಟ್ಟು, "ಕಾಲು ತೊಳಕೊಂಡು ಒಳಗ ಬರ್ರಿ" ಎಂದರು. ಆ ವರ್ಷ ಮತ್ತೆ ಯರಮರಸಕ್ಕೆ ಹೋಗುವ ಪ್ರಮೇಯ ಬರಲಿಲ್ಲ. ಗಣಿತದಲ್ಲಿ ನಾನು ಪಾಸಾದೆ. ತುಂಬ ಚೆನ್ನಾಗೇನಲ್ಲ, ಆದರೂ ಪಾಸು ಪಾಸೇ. ಮದುವೆಯ ಮಾತು ನಿಂತಿತು. ಮುಂದೆ ನಾನೂ ಟೀಚರಾಗಿ ದೇವದುರ್ಗದಲ್ಲಿ ನೌಕರಿ ಹಿಡಿದೆ.

ತಾಯಮ್ಮ ಟೀಚರಿಗೆ ಆಮೇಲೆ ಚೀಕಲಪರ್ವಿಗೆ ವರ್ಗವಾಯಿತು. ಮಾನ್ವಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರೆಂದು ಕೇಳಿದ್ದೆ. ಹೋಗಬೇಕು, ಹೋಗಬೇಕು ಎನ್ನುವುದರಲ್ಲೇ ವರ್ಷಗಳು ಹೋದವು. ಎಂಬತ್ತರ ದಶಕದ ಕೊನೆಗೆ ಒಂದು ದಿನ ಅವರು ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು. ಮಣ್ಣಿಗೂ ಹೋಗಲಾಗಲಿಲ್ಲ. ಮನೆಯನ್ನಾದರೂ ನೋಡಿಬರೋಣವೆಂದು ಮಾನ್ವಿಯ ಬಸ್ಸು ಹತ್ತಿದೆ.

ಬೀಗ ಹಾಕಿದ ಬಾಗಿಲು ನೋಡಬೇಕಾದೀತು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದರೆ, ಬಾಗಿಲು ತೆರೆದೇ ಇತ್ತು. ಒಳಗೆ ಅನ್ನ ಕುದಿಯುವ ವಾಸನೆ. ಪಡಸಾಲೆಯಲ್ಲಿ ಮೂವರು ಹುಡುಗಿಯರು ಪುಸ್ತಕ ಹರವಿಕೊಂಡು ಕೂತಿದ್ದರು. ಚೀಕಲಪರ್ವಿ ಕಡೆಯವರು. ಪರೀಕ್ಷೆಗೆ ಬಂದವರು ಇಲ್ಲೇ ಇರಲಿ ಎಂದು ಟೀಚರು ತಮ್ಮನಿಗೆ ಹೇಳಿಹೋಗಿದ್ದರಂತೆ. ಅವರಲ್ಲಿ ಸಣ್ಣವಳು ಎದ್ದು ಬಂದು, ನನ್ನ ಕೈಯ ಚೀಲ ನೋಡಿ, "ಅಕ್ಕಾರೆ, ನೀವೂ ಪರೀಕ್ಷಾಕ್ಕ ಬಂದೀರೇನ್ರೀ?" ಎಂದಳು.

"ಇಲ್ಲವ್ವಾ, ನಂದು ಆಗ್ಯದ. ಗಣಿತದಾಗೂ ಪಾಸಾಗೀನಿ" ಎಂದೆ.

"ಗಣಿತ ಬರ್ತದೇನ್ರೀ ನಿಮಗ?" ಎಂದವಳೇ ಒಳಗಿನವರ ಕಡೆ ತಿರುಗಿ ಕೂಗಿದಳು. "ಏ, ಚಾಪಿ ಸರಸ್ರೆ! ಅಕ್ಕಾರು ಲೆಕ್ಕ ಹೇಳಿಕೊಡ್ತಾರಂತ!"

ನಾನು ಚೀಲ ಕೆಳಗಿಟ್ಟು ಕೂತೆ.