ಮೊಪೆಡ್ಡಿನಿಂದ ಎಳೆದು ನೋಡಿದ ದೋಣಿ

ಆ ರೇಡಿಯೊ ಸೆಟ್ಟು ನಮ್ಮದಾಗಿರಲಿಲ್ಲ. ವಿಮಾನ ರಿಪೇರಿಯ ಕೆಲಸದಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿದ್ದ ಹಿರಿಯರೊಬ್ಬರು ಅದನ್ನು ನಮಗೆ ಎರವಲು ಕೊಟ್ಟಿದ್ದರು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ದೋಣಿಯೊಳಗೆ ಕೂರುವ ರಿಸೀವರ್, ಚುಕ್ಕಾಣಿ ತಿರುಗಿಸುವ ಪುಟ್ಟ ಯಂತ್ರ, ಒಂದು ಮೋಟಾರು, ಬ್ಯಾಟರಿ. ಎಲ್ಲವೂ ಒಂದು ಬೂಟಿನ ಡಬ್ಬದಲ್ಲಿ ಹಿಡಿಸುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಥದ್ದು ನಮ್ಮ ಹೊಸಕೋಟೆಯಲ್ಲಿರಲಿ, ಬೆಂಗಳೂರಿನ ಅಂಗಡಿಗಳಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವರ ಷರತ್ತು ಒಂದೇ: ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಬಂದು ನೋಡುತ್ತಾರೆ. ನಮ್ಮ ದೋಣಿ ನೀರಿನಿಂದ ಮೇಲೆದ್ದು ಓಡಿದರೆ ಸೆಟ್ಟು ನಮ್ಮಲ್ಲೇ ಇರುತ್ತದೆ. ಏಳದಿದ್ದರೆ ವಾಪಸು ಹೋಗುತ್ತದೆ. ಅದನ್ನು ಕೇಳುವವರು ಇನ್ನೂ ಇಬ್ಬರಿದ್ದರು.

ನಾನು ಆಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಜೊತೆಗಿದ್ದವನು ಶಾಲೆಯ ದಿನಗಳ ಗೆಳೆಯ, ಹೆದ್ದಾರಿ ಪಕ್ಕದ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ನಕ್ಷೆ ನನ್ನದು, ಕೈಕೆಲಸ ಅವನದು.

ಹೈಡ್ರೋಫಾಯಿಲ್ ಎಂದರೆ ಹೊಟ್ಟೆಯ ಕೆಳಗೆ ರೆಕ್ಕೆಗಳಿರುವ ದೋಣಿ. ರೆಕ್ಕೆಗಳು ನೀರಿನೊಳಗಿರುತ್ತವೆ. ವೇಗ ಹೆಚ್ಚಿದಂತೆ ಅವು ದೋಣಿಯನ್ನು ಎತ್ತುತ್ತವೆ. ಒಡಲು ಪೂರ್ತಿ ಗಾಳಿಗೆ ಬಂದಮೇಲೆ ನೀರನ್ನು ಸೀಳುವುದು ರೆಕ್ಕೆ ಮಾತ್ರ. ನಮ್ಮದು ಎರಡೂವರೆ ಅಡಿ ಉದ್ದದ್ದು. ಒಡಲು ಥರ್ಮೊಕೋಲಿನದು, ಮೇಲೆ ತೆಳು ಬಟ್ಟೆ ಮತ್ತು ಅಂಟಿನ ಪದರ. ರೆಕ್ಕೆಗಳನ್ನು ಗೆಳೆಯ ಅಲ್ಯುಮಿನಿಯಂ ತಗಡಿನಿಂದ ಕತ್ತರಿಸಿ, ಅರದಲ್ಲಿ ಉಜ್ಜಿ ಉಜ್ಜಿ ಆಕಾರಕ್ಕೆ ತಂದಿದ್ದ. ರೆಕ್ಕೆ ಹೊರುವ ಕಾಲುಗಳು ಹಳೆಯ ಗರಗಸದ ಬ್ಲೇಡುಗಳು. ಮುಂದಿನ ರೆಕ್ಕೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದೇ ಮುಖ್ಯ ಪ್ರಶ್ನೆಯಾಗಿದ್ದರಿಂದ, ಅದನ್ನು ಒಂದೇ ಬೋಲ್ಟು ಸಡಿಲಿಸಿ ತಿರುಗಿಸುವಂತೆ ಮಾಡಿ, ಪಕ್ಕದಲ್ಲಿ ಎಂಟು ಗೆರೆ ಕೊರೆದಿದ್ದ. ಗೆರೆ ಏರಿದಷ್ಟೂ ರೆಕ್ಕೆಯ ಮುಂದಿನ ಅಂಚು ಮೇಲೇಳುತ್ತಿತ್ತು.

ಸೆಟ್ಟು ನೆನೆಯಬಾರದು ಎಂಬ ಭಯ ಇಬ್ಬರಿಗೂ ಇತ್ತು. ಆದ್ದರಿಂದ ದೋಣಿ ಏಳುತ್ತದೆಂದು ಖಾತ್ರಿಯಾಗುವವರೆಗೆ ರಿಸೀವರನ್ನಾಗಲಿ ಮೋಟಾರನ್ನಾಗಲಿ ನೀರಿಗಿಳಿಸುವುದಿಲ್ಲವೆಂದು ನಿರ್ಧರಿಸಿದೆವು. ಡಬ್ಬ ನನ್ನ ಮನೆಯ ಬೀರುವಿನಲ್ಲಿತ್ತು. ಅವುಗಳ ತೂಕಕ್ಕೆ ಸರಿಯಾಗಿ ಕಬ್ಬಿಣದ ತುಂಡುಗಳನ್ನಿಟ್ಟು, ದೋಣಿಯನ್ನು ಎಳೆದು ಪರೀಕ್ಷಿಸಿದೆವು.

ಜಾಗ ಸಮೇತನಹಳ್ಳಿ ಕಡೆಯ ಒಂದು ಕೆರೆ. ಆ ವರ್ಷ ಕೆರೆ ತುಂಬಿತ್ತು, ನೀರು ಏರಿಯ ಕಲ್ಲುಗಳ ಮೇಲಿನ ಸಾಲಿನವರೆಗೂ ಬಂದಿತ್ತು. ಗೆಳೆಯ ಏರಿಯ ಮೇಲೆ ಮೊಪೆಡ್ ಓಡಿಸುತ್ತಿದ್ದ. ನಾನು ಹಿಂದೆ ಕೂತು ಉದ್ದನೆಯ ಬಿದಿರುಗಳುವನ್ನು ನೀರಿನ ಕಡೆಗೆ ಚಾಚುತ್ತಿದ್ದೆ. ಗಳುವಿನ ತುದಿಯಿಂದ ನೈಲಾನ್ ದಾರ, ದಾರದ ಕೊನೆಗೆ ದೋಣಿ. ದಾರ ನೀರಿಗೆ ತಾಗಿ ಜಗ್ಗಬಾರದೆಂದು ದೋಣಿಯ ಮೇಲೆ ಗೇಣುದ್ದದ ಕಂಬ ನೆಟ್ಟು, ಅದರ ತಲೆಗೆ ಕಟ್ಟಿದ್ದೆವು. ನನ್ನ ಕೈಯ ಬಳಿ ಸ್ಪ್ರಿಂಗ್ ತಕ್ಕಡಿ. ದೋಣಿ ನೀರಿನಲ್ಲಿರುವಾಗ ತಕ್ಕಡಿಯ ಮುಳ್ಳು ಏರುತ್ತಾ ಹೋಗಿ, ಒಡಲು ಮೇಲೆದ್ದ ಕ್ಷಣದಲ್ಲಿ ಥಟ್ಟನೆ ಇಳಿಯುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಓಟಕ್ಕೂ ಒಂದು ಸಾಲು. ನೋಟ್‌ಬುಕ್ಕಿನ ಪುಟಗಳು ತುಂಬಿದವು.

ಎತ್ತುಗಳ ಮೈ ತೊಳೆಯಲು ಬರುತ್ತಿದ್ದ ರೈತರೊಬ್ಬರು ಪ್ರತಿ ಭಾನುವಾರವೂ ನಮ್ಮನ್ನು ನೋಡುತ್ತಿದ್ದರು. ಮೊದಲ ದಿನವೇ ಕೇಳಿದ್ದರು:

"ಏನಪ್ಪಾ, ಕೆರೆ ಉಳ್ತಿದ್ದೀರಾ? ಬಿತ್ತನೆ ಯಾವಾಗ?"

"ಮುಂದಿನ ವಾರ, ಯಜಮಾನ್ರೇ. ಬೀಜ ನೀವೇ ತರ್ಬೇಕು," ಎಂದ ಗೆಳೆಯ.

ಏಳನೆಯ ಭಾನುವಾರಕ್ಕೆ ಉತ್ತರ ಸಿಕ್ಕಿತು. ಮುಂದಿನ ರೆಕ್ಕೆ ಆರನೆಯ ಗೆರೆಯಲ್ಲಿದ್ದಾಗ ದೋಣಿ ಪ್ರತಿ ಸಲವೂ ಏಳುತ್ತಿತ್ತು, ಏರಿಯ ಉದ್ದಕ್ಕೂ ಮಟ್ಟಸವಾಗಿ ಬರುತ್ತಿತ್ತು. ನಾನು ಬೆಂಗಳೂರಿಗೆ ಕಾರ್ಡು ಬರೆದೆ: ಬನ್ನಿ, ಏಳುತ್ತದೆ. 'ಏಳಬಹುದು' ಎಂದು ಬರೆಯಲು ಕಾರಣವೇ ಇರಲಿಲ್ಲ.

ಹೇಳಿದ ಭಾನುವಾರ ಬೆಳಿಗ್ಗೆ ಹಿರಿಯರು ಬಸ್ಸಿಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕಂಕುಳಲ್ಲಿ ಛತ್ರಿ. ಗೆಳೆಯ ರಿಸೀವರನ್ನು ಕೆಂಪು ಬಲೂನಿನೊಳಗೆ ತೂರಿಸಿ ಬಾಯಿಗೆ ದಾರ ಬಿಗಿದ. ಕಂಬ ಕಿತ್ತೆವು, ಕಬ್ಬಿಣದ ತುಂಡುಗಳನ್ನು ತೆಗೆದೆವು, ಮೋಟಾರು ಕೂರಿಸಿದೆವು. ಅದರ ಪ್ರೊಪೆಲ್ಲರು ಹಿಂದಿನ ರೆಕ್ಕೆಯ ಮಟ್ಟದಲ್ಲಿ, ನೀರಿನ ಆಳದಲ್ಲಿತ್ತು. ಹಿರಿಯರು ಟ್ರಾನ್ಸ್‌ಮಿಟರಿನ ವೇಗದ ಕಡ್ಡಿಯನ್ನು ಮುಂದಕ್ಕೆ ಒತ್ತಿದರು.

ದೋಣಿ ನಾಲ್ಕು ಮಾರು ಓಡಿ ಎದ್ದಿತು. ಎದ್ದು ನಿಲ್ಲಲಿಲ್ಲ, ಮೂತಿಯನ್ನು ಆಕಾಶಕ್ಕೆ ಎತ್ತಿ, ರೆಕ್ಕೆಸಮೇತ ನೀರಿನಿಂದ ಹೊರಕ್ಕೆ ನೆಗೆದು, ಹೊಟ್ಟೆ ಅಡಿಯಾಗಿ ಪಟಾರನೆ ಬಿತ್ತು. ಎರಡನೆಯ ಓಟದಲ್ಲೂ ಅದೇ ಆಯಿತು.

"ನಾನು ಕೇಳಿದ್ದು ಹಾರೋ ದೋಣಿ ಕಣಯ್ಯಾ, ನೆಗೆಯೋ ಕಪ್ಪೆ ಅಲ್ಲ," ಎಂದರು ಹಿರಿಯರು. ದೋಣಿಯನ್ನು ದಡಕ್ಕೆ ತಂದು ಬಲೂನು ಬಿಚ್ಚಿ ನೋಡಿದರು. ರಿಸೀವರ್ ಒಣಗಿಯೇ ಇತ್ತು. "ಇನ್ನೊಂದೇ ಸಲ. ಆಮೇಲೆ ನಾನು ಪ್ಯಾಕ್ ಮಾಡ್ಕೊಂಡು ಹೊರಡ್ತೀನಿ."

ವರದಿಗಾಗಿ ಅಪಘಾತದ ಸ್ಥಳಕ್ಕೆ ಹೋದಾಗ ನಾನು ಒಂದು ಕ್ರಮ ಪಾಲಿಸುತ್ತಿದ್ದೆ: ಕಂಡವರನ್ನು ಬೇರೆ ಬೇರೆ ಕರೆದು ಕೇಳುವುದು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ. ಅಂದೂ ಹಾಗೆಯೇ ಮಾಡಿದೆ. ಗೆಳೆಯ, ಭಾರ ಹಿಂದಕ್ಕೆ ಹೋಗಿದೆ ಎಂದ. ಹಿರಿಯರು, ವೇಗ ಹೆಚ್ಚಾಯಿತು ಎಂದರು. ಮೂರನೆಯವರಾಗಿ, ಎತ್ತುಗಳ ಬಳಿ ನಿಂತಿದ್ದ ರೈತರ ಹತ್ತಿರ ಹೋದೆ.

"ನನ್ನನ್ನೇನಪ್ಪಾ ಕೇಳ್ತೀಯ, ಓದಿದೋರು ನೀವು."

"ಏಳು ವಾರ ದಡದಿಂದ ನೋಡಿದೋರು ನೀವೊಬ್ರೇ, ಯಜಮಾನ್ರೇ."

ಅವರು ಎತ್ತಿನ ಬೆನ್ನು ಉಜ್ಜುತ್ತಲೇ ಹೇಳಿದರು: "ನೇಗಿಲು ನೋಡಿಲ್ವಾ? ಹಗ್ಗ ಎಲ್ಲಿ ಬಿಗೀತೀವೋ ಅದರ ಮೇಲೆ ಅದು ನೆಲ ಕಚ್ಚೋದು. ನೀವು ಇಷ್ಟ್ ದಿನ ತಲೆಗೆ ದಾರ ಕಟ್ಟಿ ಎಳೆದ್ರಿ, ಅದು ಮೂತಿ ತಗ್ಗಿಸ್ಕೊಂಡು ಬಂತು. ಇವತ್ತು ಬುಡದಿಂದ ತಳ್ತಿದ್ದೀರಿ. ಮೂತಿ ಎತ್ತದೆ ಇನ್ನೇನ್ ಮಾಡುತ್ತೆ?"

ನಾನು ಆ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕಂಬದ ತುದಿಯ ಎಳೆತ ಮೂತಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಆ ಒತ್ತಡವನ್ನು ಸರಿದೂಗಿಸಲು ನಾವು ರೆಕ್ಕೆಯನ್ನು ಒಂದೊಂದೇ ಗೆರೆ ಏರಿಸುತ್ತಾ ಆರಕ್ಕೆ ತಂದಿದ್ದೆವು. ಈಗ ಒತ್ತಡ ಇರಲಿಲ್ಲ, ಏರಿಸಿದ್ದು ಮಾತ್ರ ಉಳಿದಿತ್ತು. ಸೆಟ್ಟನ್ನು ಕಾಪಾಡಲೆಂದು ಮೋಟಾರು ಹಾಕದೆ ಇದ್ದದ್ದೇ ಈ ತಪ್ಪನ್ನು ಏಳು ವಾರ ಬಚ್ಚಿಟ್ಟಿತ್ತು.

"ರೆಕ್ಕೆ ಇಳಿಸ್ಬೇಕು," ಎಂದೆ ಗೆಳೆಯನಿಗೆ.

"ಲೇ, ತಲೆ ಕೆಟ್ಟಿದೆಯಾ? ಆರು ಅಂತ ನೀನೇ ಬರ್ದಿದ್ದೀಯಲ್ಲೋ. ಇರೋದು ಒಂದೇ ಚಾನ್ಸು!"

"ನಾನು ಬರ್ದಿರೋದು ದಾರ ಕಟ್ಟಿದ ದೋಣೀದು. ಇದು ಬೇರೆ ದೋಣಿ."

"ಎಷ್ಟಕ್ಕೆ ಇಳಿಸ್ತೀಯಾ ಗುರು? ಕಣಿ ಕೇಳ್ತೀಯಾ?"

ಅವನ ಪ್ರಶ್ನೆ ನ್ಯಾಯವಾಗಿತ್ತು. ಉಳಿದಿದ್ದ ಒಂದು ಓಟವನ್ನು ಊಹೆಗೆ ಖರ್ಚು ಮಾಡುವ ಹಾಗಿರಲಿಲ್ಲ. ಮತ್ತೆ ಎಳೆದು ನೋಡೋಣ, ಆದರೆ ದಾರವನ್ನು ಕೆಳಗೆ, ಮುಂದಿನ ಕಾಲಿನ ಬುಡಕ್ಕೆ ಕಟ್ಟೋಣ ಎಂದೆ. ಎಳೆಯುವುದು ಓಟದ ಲೆಕ್ಕಕ್ಕೆ ಬರುವುದಿಲ್ಲವೆಂದು ಹಿರಿಯರು ಒಪ್ಪಿದರು. ರಿಸೀವರ್ ಮಾತ್ರ ದಡದಲ್ಲಿ ಉಳಿಯಿತು, ಬ್ಯಾಟರಿ, ಮೋಟಾರು ಒಳಗೇ ಇದ್ದವು. ನಾನು ದಡದಲ್ಲಿ ನಿಂತು ಪಕ್ಕದಿಂದ ನೋಡಬೇಕಿತ್ತು. ಗಳು ಹಿಡಿಯಲು ಜನ ಬೇಕಾಯಿತು. ಹಿರಿಯರು ಛತ್ರಿಯನ್ನು ನನ್ನ ಕೈಗೆ ಕೊಟ್ಟು ಮೊಪೆಡ್ಡಿನ ಹಿಂದೆ ಕೂತರು.

"ಬಿಗಿಯಾಗಿ ಹಿಡ್ಕೊಳಿ ಸ್ವಾಮಿ," ಎಂದು ರೈತರು ಕೂಗಿದರು. "ಬಿದ್ರೆ ಎತ್ತಿನ ಜೊತೆ ನಿಮಗೂ ಸ್ನಾನ!"

ಆರನೆಯ ಗೆರೆಯಲ್ಲಿ ದೋಣಿ ದಾರದ ತುದಿಯಲ್ಲೂ ಹಾಗೆಯೇ ನೆಗೆಯಿತು. ರೈತರ ಮಾತು ಅಲ್ಲಿಗೆ ಖಚಿತವಾಯಿತು. ಐದರಲ್ಲಿ ಕಡಿಮೆ ನೆಗೆಯಿತು, ನಾಲ್ಕರಲ್ಲಿ ತೂಗಾಡಿತು. ಮೂರರಲ್ಲಿ ಎದ್ದು, ಎದ್ದ ಎತ್ತರದಲ್ಲೇ ನಿಂತು, ಏರಿಯ ತುದಿಯವರೆಗೂ ಬಂತು. ಹಿರಿಯರ ಬಿಳಿ ಷರಟಿನ ತೋಳು ಪಾಚಿ ಬಣ್ಣಕ್ಕೆ ತಿರುಗಿತ್ತು. ಇಳಿದವರೇ "ಎರಡರಲ್ಲೂ ನೋಡೋಣ್ವಾ?" ಎಂದರು. ಎರಡನೆಯ ಗೆರೆಯಲ್ಲೂ ನೋಡಿದೆವು, ದೋಣಿ ಏಳಲೇ ಇಲ್ಲ. ಗೆಳೆಯ ಮೂರಕ್ಕೆ ತಂದು ಬೋಲ್ಟು ಬಿಗಿದು, ದಾರ ಬಿಚ್ಚಿ, ರಿಸೀವರನ್ನು ಬಲೂನಿನೊಳಗಿಟ್ಟು ಬಾಯಿ ಮತ್ತೆ ಕಟ್ಟಿದ.

ಕೊನೆಯ ಓಟಕ್ಕೆ ಹಿರಿಯರು ಟ್ರಾನ್ಸ್‌ಮಿಟರನ್ನು ಅವನ ಕೈಗೇ ಕೊಟ್ಟರು. ದೋಣಿ ಮೊದಲು ನೀರನ್ನು ಉಳುತ್ತಾ ಹೋಯಿತು. ನಂತರ ಸದ್ದು ಬದಲಾಯಿತು. ಒಡಲು ಅಪ್ಪಳಿಸುವ ಶಬ್ದ ನಿಂತು, ಬಟ್ಟೆ ಹರಿದಂಥ ಸಣ್ಣ ಸದ್ದು ಉಳಿಯಿತು. ಒಡಲಿಗೂ ನೀರಿಗೂ ನಡುವೆ ನಾಲ್ಕು ಬೆರಳಷ್ಟು ಬೆಳಕು ಕಂಡಿತು. ಗೆಳೆಯ ಅದನ್ನು ತೂಬಿನವರೆಗೆ ಓಡಿಸಿ, ತಿರುಗಿಸಿ, ನಮ್ಮ ಮುಂದಿನಿಂದಲೇ ಮತ್ತೆ ಕಳಿಸಿದ. ಹಿರಿಯರು ಕೈ ಚಾಚಿದರು, ಅವನು ಟ್ರಾನ್ಸ್‌ಮಿಟರ್ ಕೊಟ್ಟ. ಆಮೇಲೆ ಬ್ಯಾಟರಿ ಮುಗಿಯುವವರೆಗೆ ಅದು ನಮ್ಮ ಕೈಗೆ ಬರಲಿಲ್ಲ.

ದೋಣಿ ಕೆರೆಯ ನಡುವೆ ನಿಂತುಹೋಯಿತು. ಗಾಳಿ ಅದನ್ನು ದಡಕ್ಕೆ ತಳ್ಳುವವರೆಗೆ ಕಲ್ಲುಗಳ ಮೇಲೆ ಕೂತು ಕಾದೆವು. ಹಿರಿಯರು ರೈತರನ್ನು ನೇಗಿಲಿನ ಬಗ್ಗೆ ಕೇಳುತ್ತಲೇ ಇದ್ದರು. ಸೆಟ್ಟಿನ ಮಾತನ್ನು ಅವರು ಎತ್ತಲಿಲ್ಲ, ಕೇಳುವ ಧೈರ್ಯ ಗೆಳೆಯನಿಗೆ ಬರಲಿಲ್ಲ. ಬಸ್ಸು ಬರುವ ಹೊತ್ತಾಯಿತು. ಅವರು ಛತ್ರಿ ತೆಗೆದುಕೊಂಡು ರಸ್ತೆಗೆ ನಡೆದರು. ಬಸ್ಸು ನಿಂತಾಗ ಗೆಳೆಯ ತಡೆಯಲಾರದೆ ಡಬ್ಬ ಎತ್ತಿ ತೋರಿಸಿದ.

"ಸಾರ್, ಇದು?"

"ಅದನ್ನ ಹೊತ್ಕೊಂಡು ಬೆಂಗ್ಳೂರ್ ತನಕ ನಿಂತ್ಕೊಂಡು ಹೋಗೋಕೆ ನನಗೇನ್ ಹುಚ್ಚಾ?" ಎಂದು ಅವರು ಬಸ್ಸು ಹತ್ತಿದರು.

ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಕಿತ್ತು. ನಾವು ಮೊಪೆಡ್ಡನ್ನು ಹೊಸಕೋಟೆಯ ಕಡೆಗೆ ತಿರುಗಿಸಿದೆವು.