ಬೆನ್ನು ನೋಡದೆ ಹೆಸರಿಟ್ಟ ಮೀನು

ನಾನು ಕೊಳ್ಳುವುದು ಬಂಗುಡೆಯನ್ನೇ ಆದರೂ, ಅಂಗಡಿಯಲ್ಲಿ ಮೀಸೆಯಿರುವ ಮೀನು ಕಂಡರೆ ಅದನ್ನು ಮಗುಚಿ ಬೆನ್ನು ನೋಡುವವರೆಗೆ ನನ್ನ ಕೈ ಸುಮ್ಮನಿರುವುದಿಲ್ಲ. “ಏನ್ ಸಾ, ಹೆಣ್ ನೋಡಕ್ ಬಂದೋರಂಗೆ ತಿರುಗ್ಸಿ ತಿರುಗ್ಸಿ ನೋಡ್ತೀರಲ್ಲ, ಒಪ್ಗೆ ಆಯ್ತಾ?” ಎಂದು ಪಿರಿಯಾಪಟ್ಟಣದ ಮೀನಿನಂಗಡಿಯವನು ರೇಗಿಸುತ್ತಾನೆ. ಈ ಚಟದ ಹಿಂದೆ ನನ್ನದೊಂದು ತಪ್ಪಿದೆ, ನಿಮ್ಮೆದುರು ಹೇಳಿಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿಗೆ ನಿಂತವನು, ಆದರೆ ಗಾಳದ ವಿದ್ಯೆಗೆ ನನ್ನನ್ನು ನಾನೇ ಪ್ರೊಫೆಸರನಾಗಿ ನೇಮಿಸಿಕೊಂಡವನು. ಹಾರನಹಳ್ಳಿ ಕಡೆ ಹೊಗೆಸೊಪ್ಪು ಬೆಳೆಯುವ ಜವರಪ್ಪ ನನ್ನ ಓರಗೆಯ ಗೆಳೆಯ. ಇಬ್ಬರೂ ಕೆ.ಆರ್. ನಗರದ ಬಳಿ ಕಾವೇರಿ ದಂಡೆಯಲ್ಲಿ ವರ್ಷಗಟ್ಟಲೆ ಗಾಳ ಹಿಡಿದು ಕೂತಿದ್ದೇವೆ. ದಿನದ ಮೊದಲ ಮೀನನ್ನು ಬರಿಗೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಪದ್ಧತಿ. ಬಟ್ಟೆ ಸುತ್ತಿ ಹಿಡಿದರೆ ಗಂಗಮ್ಮನಿಗೆ ಅಪಚಾರ.

ಎರಡು ವರ್ಷದ ಹಿಂದೆ ಕಡಲಲ್ಲೂ ಗಾಳ ಹಾಕುವ ಹುಚ್ಚು ಹತ್ತಿ, ಮಾಕುಟ್ಟದ ಘಾಟಿ ಇಳಿದು ಕಣ್ಣೂರಿನ ಕಡೆ ಹೋದೆವು. ಒಂದನ್ನೊಂದು ಹೋಲುವ ಕಡಲ ಮೀನುಗಳ ಚಿತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿ ನಾನೊಂದು ಚಾರ್ಟು ಮಾಡಿಕೊಂಡಿದ್ದೆ. ಅಂಜಲ್ ಮೀನಿನಲ್ಲಿ ಪಟ್ಟೆಯದು ಒಂದು ಜಾತಿ, ಚುಕ್ಕೆಯದು ಇನ್ನೊಂದು ಎಂದು ದಾರಿಯುದ್ದಕ್ಕೂ ಪಾಠ ಮಾಡಿದೆ. “ಸಾರ್ಗೆ ಬಿದ್ರೆ ಎಲ್ಡೂ ಒಂದೇ ಕಣ್ಲಾ,” ಎಂದ ಜವರಪ್ಪ. ಮೀಸೆಮೀನುಗಳನ್ನು ಮಾತ್ರ ಚಾರ್ಟಿನಿಂದ ಬಿಟ್ಟಿದ್ದೆ. ಹೊಳೆಯವರಾದ ನಮಗೆ ಮೀಸೆಯದನ್ನು ಯಾರು ಹೇಳಿಕೊಡಬೇಕು?

ಮೊದಲು ಅಲುಗಿದ್ದು ಜವರಪ್ಪನ ಗಾಳ. ನಾವು ಕೂತಿದ್ದ ಕಡಲಂಚಿನ ಬಂಡೆಯ ಮೇಲೆ ಬಂದು ಬಿದ್ದದ್ದು ನಮ್ಮ ಹೊಳೆಯ ಬಾಳೆಮೀನಿನಂತೆಯೇ ಬೂದುಬಣ್ಣದ, ಉದ್ದ ಮೀಸೆಯ ಮೀನು.

“ಬೆನ್ಮೇಲೆ ಮುಳ್ಳೈತೆ ಕಣ್ಲಾ, ಬಾಳೆಗೆ ಇಂಗಿರಕಿಲ್ಲ,” ಎಂದು ಅವನು ಹೆಗಲ ಟವಲಿಗೆ ಕೈಹಾಕಿದ.

“ಬಾಳೆಮೀನ್ಗೆ ಟವಲ್ ಉಡುಕ್ತೀಯಲ್ಲ, ನಾಚ್ಕೆ ಆಗಕಿಲ್ವಾ? ಗಂಗಮ್ಮ ನೋಡ್ತಾವ್ಳೆ, ಇಡ್ಕಳ್ಲಾ!” ಎಂದೆ.

ಹಿಡಿದ. ಮುಳ್ಳು ತೋರುಬೆರಳಿನ ಬುಡಕ್ಕೆ ಇಳಿಯಿತು. ಪಕ್ಕದ ಬಂಡೆಯಲ್ಲಿದ್ದ ಮಲಯಾಳಿ ಮೀನುಗಾರ ಓಡಿಬಂದು, ಅವನನ್ನು ಚಹಾದಂಗಡಿಗೆ ಕರೆದೊಯ್ದು ಬಿಸಿನೀರಿನಲ್ಲಿ ಕೈ ಅದ್ದಿಸಿದ, ಅಲ್ಲಿಂದ ಆಸ್ಪತ್ರೆ. ಬಾಳೆಯ ಬೆನ್ನ ರೆಕ್ಕೆ ಬಟ್ಟೆಯಷ್ಟು ಮೆತ್ತಗೆ, ಹೊಟ್ಟೆಯ ರೆಕ್ಕೆ ಬಾಲದವರೆಗೂ ಉದ್ದ. ಕಡಲಿನದಕ್ಕೆ ಹೊಟ್ಟೆಯ ರೆಕ್ಕೆ ಗಿಡ್ಡ, ಬೆನ್ನಿನ ಮೇಲೆ ಗರಗಸದಂಥ ವಿಷದ ಮುಳ್ಳು. ಇಷ್ಟು ಜ್ಞಾನ ನನಗೆ ಬಂದದ್ದು ಅವನ ಬೆರಳು ಸೆಟೆದುಕೊಂಡ ಮೇಲೆ. ಅದು ಇಂದಿಗೂ ಮಡಚುವುದಿಲ್ಲ.

ಇದು ಅಜ್ಞಾನ, ತಪ್ಪು ಇನ್ನು ಮುಂದಿನದು. ಊರಿಗೆ ಬಂದಾಗ ಅವನ ಹೆಂಡತಿ ಸಾಕಮ್ಮ ಏನಾಯಿತೆಂದು ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ನಾನು, “ಬ್ಯಾಡ ಅಂದ್ರೂ ಕೇಳ್ನಿಲ್ಲ ಕಣವ್ವ,” ಎಂದುಬಿಟ್ಟೆ. ಜವರಪ್ಪ ಒಮ್ಮೆ ನನ್ನ ಮುಖ ನೋಡಿ, ನೀರು ಕುಡಿದು ಚೊಂಬು ಕೆಳಗಿಟ್ಟ.

ಅಂದಿನಿಂದ ನಾನು ಹೋದಾಗಲೆಲ್ಲ ಸಾಕಮ್ಮ ನನಗೆ ಕಾಫಿ ಕೊಡುವಳು, ಅವನಿಗೆ ಬೈಗುಳ: “ಬುದ್ಧಿವಂತ್ರು ಯೋಳಿದ್ ಮಾತ್ ಕೇಳಿದ್ರೆ ಬೆಳ್ಳು ಮಡೀತಿತ್ತು.” ಆ ಮನೆಯ ಜಗಲಿಯಲ್ಲಿ ಎಲ್ಲಿ ಕೂತರೂ ಒತ್ತುತ್ತಿತ್ತು, ಎದ್ದು ನಿಲ್ಲುವೆ, ಮತ್ತೆ ಕೂರುವೆ, ಚಪ್ಪಲಿ ಮೆಟ್ಟಿ ಮತ್ತೆ ಬಿಡುವೆ. ಕಳೆದ ತಿಂಗಳು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಜವರಪ್ಪ, ಬೆರಳಿಗೆ ಸಿಗದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ನಾನು ಲೋಟ ಕೆಳಗಿಟ್ಟೆ.

“ಬ್ಯಾಡ ಅಂದೋನು ನಾನಲ್ಲ ಕಣವ್ವ. ಇಡ್ಕೋ ಅಂದೋನು ನಾನು. ಟವಲ್ ತಗೊಂಡಿದ್ದ, ನಾನೇ ಆಡ್ಕೊಂಡೆ.”

ಸಾಕಮ್ಮ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. “ಅಂಗಾರೆ ಎಲ್ಡು ವರ್ಸ ಈವಯ್ಯಂಗೆ ಬೈದಿದ್ದೆಲ್ಲ ನಿಮ್ದಾ ಅಣ್ಣಯ್ಯ?”

“ಹೂಂ.”

ಅವಳು ನನ್ನ ಲೋಟವನ್ನೆತ್ತಿ ಗಂಡನ ಕೈಗೆ ಕೊಟ್ಟಳು. “ಕಾಪಿ ಅವ್ರು ಕುಡೀಲಿ. ನೀವು ದಾರ ತಕ್ಕಳಿ.”

ಬಿಸಿಲು ಇಳಿಯುವವರೆಗೂ ಸೊಪ್ಪು ಕಟ್ಟಿದೆ. ಕಟ್ಟಿದ್ದರಲ್ಲಿ ಅರ್ಧ ಜಾರಿ ಬಿತ್ತು. “ಇದು ಯಾವ ಚಾರ್ಟಲ್ಲೈತೆ, ಪಂಡಿತಾ?” ಎಂದು ಜವರಪ್ಪ ಕಾಫಿ ಹೀರಿದ.

ಮೊನ್ನೆ ಅವನೊಡನೆ ಅದೇ ಮೀನಿನಂಗಡಿಗೆ ಹೋದೆ. ಐಸಿನ ಮೇಲೊಂದು ಮೀಸೆಮೀನು ಮಲಗಿತ್ತು. ಮುಂದೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ಇವತ್ತು ಹೆಣ್ ನೋಡಕಿಲ್ವಾ ಸಾ?” ಎಂದ ಅಂಗಡಿಯವನು.

“ಇವ್ನನ್ನ ಕೇಳು,” ಎಂದೆ.

ಜವರಪ್ಪ ಮಡಚದ ಆ ಬೆರಳಿನಿಂದಲೇ ಮೀನಿನ ಬೆನ್ನನ್ನು ಒಮ್ಮೆ ಸವರಿ, “ನಮ್ ಬಾಳೆ. ಇಡ್ಕಳ್ಲಾ,” ಎಂದ.

ನಾನು ಬೆನ್ನು ನೋಡಲಿಲ್ಲ. ಬರಿಗೈಯಲ್ಲಿ ಹಿಡಿದೆ.