ಟೆಸ್ಟಿಂಗ್ ನಡೀತಿದೆ

ಬಿಸಿಲು ನೆತ್ತಿಗೇರಿ ಪೇಟೆಯೆಲ್ಲ ಕಾದ ಕಾವಲಿಯಾದಾಗಲೂ ತಣ್ಣಗೆ ಕೂತಿರುವವನೆಂದರೆ ನಮ್ಮ ಫ್ಯಾನ್ ರಿಪೇರಿಯಣ್ಣ ಒಬ್ಬನೇ. ಅಂಗಡಿಗೆ ಬಂದ ಫ್ಯಾನು ಬೆಳಿಗ್ಗೆಯೇ ಸರಿಹೋಗಿದ್ದರೂ ಅವನು ಕೊಡುವುದಿಲ್ಲ. ಒಂದನ್ನು ಎದೆಗೆ, ಒಂದನ್ನು ಬೆನ್ನಿಗೆ, ಇನ್ನೊಂದನ್ನು ಅಂಗಾಲಿಗೆ ತಿರುಗಿಸಿಟ್ಟು, ಕುರ್ಚಿಯಲ್ಲಿ ರಾಜನ ಹಾಗೆ ಒರಗಿ, ಕೇಳಿದವರಿಗೆಲ್ಲ “ಟೆಸ್ಟಿಂಗ್ ನಡೀತಿದೆ” ಅನ್ನುತ್ತಾನೆ. “ಇನ್ನೆಷ್ಟು ದಿನ ನಿನ್ನ ಟೆಸ್ಟಿಂಗು? ಮನೇಲಿ ಬೆಂದು ಹೋಗ್ತಿದೀವಿ!” ಎಂದು ಜಗಳಕ್ಕೆ ಬರುವ ದರ್ಜಿ, ಬೆಂಚಿನ ಮೇಲೆ ಗಾಳಿಗೆ ಕೂತು, ಬೈಗುಳ ಅರ್ಧವಾಗುವಷ್ಟರಲ್ಲಿ ಗೊರಕೆ ಹೊಡೆಯುತ್ತಾನೆ. ಅವನನ್ನು ಊಟಕ್ಕೆ ಕರೆಯಲು ಬಂದ ಹೆಂಡತಿಯೂ “ಅಯ್ಯೋ, ಇಲ್ಲೇ ಹಾಯಾಗಿದೆ ಕಣ್ರೀ” ಎಂದು ಪಕ್ಕದಲ್ಲೇ ಕೂತುಬಿಡುತ್ತಾಳೆ. ಒಂಟಿಯಾಗಿರುವ ರಿಟೈರ್ಡ್ ಟೀಚರಮ್ಮ ಮಾತ್ರ ಬೈಯುವುದಿಲ್ಲ. ದಿನಾ ಮಧ್ಯಾಹ್ನ ಫ್ಯಾನು ಕೇಳುವ ನೆಪದಲ್ಲಿ ಬಂದು, ಎಲ್ಲರ ಮಾತಿಗೂ ನಗುತ್ತ ಸಂಜೆ ಮಾಡುತ್ತಾರೆ. ನಿನ್ನೆ ಅಣ್ಣನ ಮನಸ್ಸು ಕರಗಿ, ಅವರ ಫ್ಯಾನನ್ನು ತಾನೇ ಹೊತ್ತು ಮನೆಗೆ ಮುಟ್ಟಿಸಿ ಬಂದ. ಇವತ್ತು ಮಧ್ಯಾಹ್ನ ಟೀಚರಮ್ಮ ಅದೇ ಫ್ಯಾನನ್ನು ಅಪ್ಪಿಕೊಂಡು ಹಾಜರು: “ಮತ್ತೆ ಕೆಟ್ಟೋಯ್ತಪ್ಪಾ.” ಅಣ್ಣ ತಿರುಗಿಸಿ ನೋಡಿದ. ಫ್ಯಾನಿನ ವೈರ್‌ಗೆ ಕತ್ತರಿ ಬಿದ್ದಿತ್ತು, ಅದೂ ಸ್ಕೇಲಿಟ್ಟು ಗೆರೆ ಎಳೆದಷ್ಟು ನೀಟಾಗಿ. ಅವನು ಗೊರಕೆಯ ದರ್ಜಿಯನ್ನು ಒಂದಿಷ್ಟು ಆಚೆ ಸರಿಸಿ ಜಾಗ ಮಾಡಿದ. “ಕೂತ್ಕೊಳ್ಳಿ ಟೀಚರಮ್ಮ. ಇದು ದೊಡ್ಡ ರಿಪೇರಿ, ಬೇಸಿಗೆ ಮುಗಿಯೋವರೆಗೂ ಹಿಡಿಯುತ್ತೆ.”